ಕ್ಯೂ ತುದಿಯ 13 ಮಿಲಿಮೀಟರ್ ಚರ್ಮ

ಬೇಸಿಗೆ ರಜೆಯಲ್ಲಿ ಪೂಲ್, ಸ್ನೂಕರ್ ಆಡಿಸುವ ಪಾರ್ಲರಿಗೆ ಗಿರಾಕಿ ಹೆಚ್ಚಾದರೆ ಮೊದಲು ಸವೆಯುವುದು ಟಿಪ್, ಅಂದರೆ ಚೆಂಡು ಹೊಡೆಯುವ ಸ್ಟಿಕ್ಕಿನ (ಕ್ಯೂ) ತುದಿಗೆ ಅಂಟಿಸಿದ ಚರ್ಮದ ಬಿಲ್ಲೆ. ಕಲಬುರಗಿಯ ಸ್ಟೇಷನ್ ರೋಡ್ ಕಡೆಯ ಪಾರ್ಲರೊಂದರಲ್ಲಿ ಮೇ ತಿಂಗಳ ಸೋಮವಾರ ಬೆಳಿಗ್ಗೆ ಶಟರ್ ಅರ್ಧಕ್ಕೆ ಎಳೆದು, ಗೋಡೆಯ ಸ್ಟ್ಯಾಂಡಿನಲ್ಲಿದ್ದ ಸ್ಟಿಕ್ಕುಗಳನ್ನೆಲ್ಲ ಇಳಿಸಿ, ಹೊದಿಕೆ ಹಾಕಿದ ಟೇಬಲ್ ಮೇಲೆ ಸಾಲಾಗಿ ಮಲಗಿಸಿದ್ದು ಅದಕ್ಕೇ. ಮಾಲಕರು ಮೊದಲೇ ಹೇಳಿಬಿಟ್ಟಿದ್ದರು: "ಚಲೋ ಟಿಪ್ ಹಾಕ್ರಿ, ಆದ್ರ ಭಾಳ ತುಟ್ಟಿದು ಬ್ಯಾಡ್ರಿ. ಮತ್ತ ಸಂಜಿಗೆ ಅರ್ಧ ಸ್ಟಿಕ್ಕರೆ ಆಡ್ಲಿಕ್ಕ ಬೇಕ್ರಿ."

ಯಾವ ಟಿಪ್ ಎಂದು ಕೇಳುವುದಕ್ಕಿಂತ ಮೊದಲು ಅದು ಕೂರುವ ಜಾಗ ನೋಡಬೇಕು. ಮರದ ತುದಿಗೆ ತೊಡಿಸಿದ ಬಿಳಿ ಕೊಳವೆ, ಅಂದರೆ ಫೆರೂಲ್, ಸಡಿಲಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಜಪಾನಿನಿಂದ ಟಿಪ್ ತರಿಸಿದರೂ ದಂಡ. ಬಿರುಕು ಹುಡುಕುವುದು ಕಷ್ಟವಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಉಳಿದ ಕಡೆಯ ಚಾಕ್, ಅಂದರೆ ಹೊಡೆತ ಜಾರದಿರಲು ಟಿಪ್ಪಿಗೆ ಹಚ್ಚುವ ನೀಲಿ ಪುಡಿ, ಹೋಗುತ್ತದೆ, ಬಿರುಕಿನಲ್ಲಿ ಕೂತ ನೀಲಿ ಮಾತ್ರ ಕೂದಲೆಳೆಯಷ್ಟು ಗೆರೆಯಾಗಿ ಉಳಿಯುತ್ತದೆ. ಸಡಿಲು ಗೊತ್ತಾಗಬೇಕಾದರೆ ಸ್ಟಿಕ್ ನೆಟ್ಟಗೆ ಹಿಡಿದು ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಬೇಕು. ಗಟ್ಟಿ ಇದ್ದರೆ ಒಂದೇ ಸದ್ದು, ಸಡಿಲಿದ್ದರೆ ಹಿಂದೆಯೇ ಒಂದು ಝೀಂಕಾರ. ಆ ಥರದವನ್ನು ಬೇರೆ ಇಟ್ಟಾಯಿತು. ಅಗ್ಗದ ಸ್ಟಿಕ್ಕುಗಳಲ್ಲಿ ಸ್ಕ್ರೂ ತಿರುಗಿಸಿ ಕೂರಿಸುವ ಟಿಪ್ ಬರುತ್ತದಲ್ಲ, ಅದನ್ನಂತೂ ಬದಲಿಸುತ್ತ ಹೋದಷ್ಟೂ ಎಳೆ ಸವೆದು ಹೊಡೆದಾಗಲೆಲ್ಲ ಟಕ್ ಟಕ್ ಅನ್ನುತ್ತದೆ. ಪಾರ್ಲರಿನಲ್ಲಿ ದಿನವಿಡೀ ಆಡುವ ಸ್ಟಿಕ್ಕಿಗೆ ಅದು ಒಗ್ಗುವ ಮಾತಲ್ಲ.

ಆಮೇಲೆ ಅಳತೆ. ಪೂಲ್ ಸ್ಟಿಕ್ಕಿನ ತುದಿ ಸಾಮಾನ್ಯವಾಗಿ 12.75ರಿಂದ 13 ಮಿ.ಮೀ., ಸ್ನೂಕರ್ ಸ್ಟಿಕ್ಕಿನದು 9ರಿಂದ 10. ಟಿಪ್ ಯಾವಾಗಲೂ ಫೆರೂಲಿಗಿಂತ ಕೂದಲೆಳೆಯಷ್ಟಾದರೂ ದೊಡ್ಡದಿರಬೇಕು. ಹೆಚ್ಚಿನದನ್ನು ಕೆತ್ತಿ ತೆಗೆಯಬಹುದು, ಕಡಿಮೆ ಬಿದ್ದದ್ದನ್ನು ತುಂಬಲಾಗದು. 13ರ ಫೆರೂಲಿಗೆ 14 ಮಿ.ಮೀ. ಟಿಪ್ ತಂದರೆ ನಿಶ್ಚಿಂತೆ. ಚಿಕ್ಕದು ಹಾಕಿದರೆ ಸುತ್ತ ಫೆರೂಲಿನ ಅಂಚು ಮೆಟ್ಟಿಲಿನಂತೆ ಉಳಿದು, ಪಕ್ಕಕ್ಕೆ ಹೊಡೆದಾಗ ಚೆಂಡಿಗೆ ಅದೇ ತಾಗುತ್ತದೆ. ನಮ್ಮ ಕಡೆ ಇನ್ನೊಂದು ರೂಢಿ ಇದೆ, ಸ್ನೂಕರಿನ ಸಣ್ಣ ತುದಿಯ ಸ್ಟಿಕ್ಕಿನಲ್ಲೇ ಪೂಲ್ ಆಡುವುದು. ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್ ಚೆಂಡು 57.15 ಮಿ.ಮೀ., ತೂಕವೂ ಹೆಚ್ಚು. ಆ ಭಾರಕ್ಕೆ ಒಂಬತ್ತೂವರೆ ಮಿ.ಮೀ. ಮೆತ್ತನೆ ಟಿಪ್ ಬೇಗ ಚಪ್ಪಟೆಯಾಗುತ್ತದೆ. ಹಾಗೆ ಆಡುವವರು ಒಂದು ದರ್ಜೆ ಗಟ್ಟಿ ಟಿಪ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಹೊತ್ತಿಗೆ ಸ್ವಂತ ಸ್ಟಿಕ್ ಹಿಡಿದುಕೊಂಡು ಕಾಲೇಜು ಹುಡುಗನೊಬ್ಬ ಶಟರ್ ಕೆಳಗಿನಿಂದ ನುಸುಳಿ ಬಂದ. ಎಲ್ಲರೂ ಕೇಳುವುದನ್ನೇ ಅವನೂ ಕೇಳಿದ: "ಅಣ್ಣಾರ, ಸಾಫ್ಟ್ ಹಾಕಿದ್ರ ಸ್ಕ್ರೂ ಜಾಸ್ತಿ ಬರ್ತದಂತಲ್ರಿ?"

ಸ್ಕ್ರೂ ಅಂದರೆ ಇಲ್ಲಿ ತಿರುಪಲ್ಲ, ಬಿಳಿ ಚೆಂಡಿನ ನಡುವಿಗಿಂತ ಕೆಳಗೆ ಹೊಡೆದು ಅದನ್ನು ಹಿಮ್ಮುಖ ತಿರುಗಿಸುವುದು. ಸಾಫ್ಟ್ ಟಿಪ್ಪಿನಿಂದ ಅದು ಹೆಚ್ಚುತ್ತದೆ ಎಂಬ ನಂಬಿಕೆ ಊರೂರಿನಲ್ಲಿದೆ, ಹಾಗೂ ಬಹುಮಟ್ಟಿಗೆ ತಪ್ಪು. ಟಿಪ್ಪು ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಮೆತ್ತಗಿನದಾದರೆ ತುಸು ಹೆಚ್ಚು, ಅಷ್ಟೇ. ಚೆಂಡು ಎಷ್ಟು ಗಿರಗಿರ ತಿರುಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಡುವಿನಿಂದ ಎಷ್ಟು ದೂರಕ್ಕೆ ಹೊಡೆದಿರಿ, ಎಷ್ಟು ವೇಗದಲ್ಲಿ ಹೊಡೆದಿರಿ ಎಂಬ ಎರಡೇ. ಒಂದೇ ಜಾಗಕ್ಕೆ ಹೊಡೆದರೆ ಗಟ್ಟಿ ಟಿಪ್ಪಿನಲ್ಲೂ ಅದೇ ಸ್ಕ್ರೂ ಬರುತ್ತದೆ. ಮೆತ್ತನೆ ಚರ್ಮ ಹೊಡೆತದ ಬಲವನ್ನು ಸ್ವಲ್ಪ ತಾನೇ ನುಂಗುತ್ತದೆ, ಅಷ್ಟೇ ದೂರ ಓಡಿಸಲು ಕೊಂಚ ಜೋರಾಗಿ ಹೊಡೆಯಬೇಕಾಗುತ್ತದೆ. ಚಾಕ್ ಹಿಡಿಯುವುದರಲ್ಲಿ ಮಾತ್ರ ಅದು ಮುಂದು. ಚಾಕ್ ಚೆನ್ನಾಗಿ ಹಿಡಿದರೆ ಆಟಗಾರನಿಗೆ ಧೈರ್ಯ, ಧೈರ್ಯ ಬಂದರೆ ಇನ್ನಷ್ಟು ಕೆಳಗೆ ಹೊಡೆಯುತ್ತಾನೆ, ಹೆಸರು ಟಿಪ್ಪಿಗೆ ಹೋಗುತ್ತದೆ.

ಬಾಯಿಂದ ಹೇಳಿದರೆ ಯಾರೂ ನಂಬುವುದಿಲ್ಲ. ಹೊದಿಕೆಯ ಒಂದು ಬದಿ ಮಡಚಿ, ಪಟ್ಟಿಯಿರುವ 11ನೇ ನಂಬರಿನ ಚೆಂಡನ್ನು ಪಟ್ಟಿ ಅಡ್ಡ ಬರುವ ಹಾಗೆ ಇಟ್ಟು, ಅದನ್ನೇ ಬಿಳಿ ಚೆಂಡು ಎಂದುಕೊಂಡು ಸ್ಕ್ರೂ ಹೊಡೆಯಲು ಹೇಳಿದ್ದಾಯಿತು. ಪೂಲ್ ಚೆಂಡಿನ ಪಟ್ಟಿಯ ಅಂಚು ನಡುವಿನಿಂದ ಹೆಚ್ಚುಕಡಿಮೆ ಅರ್ಧ ತ್ರಿಜ್ಯದಷ್ಟು ದೂರದಲ್ಲಿರುತ್ತದೆ, ಅಂದರೆ 14 ಮಿ.ಮೀ. ಆಸುಪಾಸು. ಟಿಪ್ಪು ಅದಕ್ಕಿಂತ ಹೊರಗೆ ತಾಗಿದರೆ ಯಾವ ಚರ್ಮವಾದರೂ ಜಾರಲೇಬೇಕು. ಹುಡುಗ ಬಗ್ಗಿ, ಕೆಳಕ್ಕೆ ಹೊಡೆದೆ ಅಂದುಕೊಂಡೇ ಹೊಡೆದ. ಚೆಂಡೆತ್ತಿ ನೋಡಿದರೆ ನೀಲಿ ಚುಕ್ಕೆ ಪಟ್ಟಿಯ ನಡುಗೆರೆಯಿಂದ ಬೆರಳಿನ ಅರ್ಧದಷ್ಟೂ ಕೆಳಗಿಲ್ಲ.

"ನೋಡು, ನೀ ಹೊಡದದ್ದು ಇಲ್ಲಿ. ಪಟ್ಟಿ ಮುಗಿಯೋದು ಇಲ್ಲಿ. ಇಷ್ಟು ಜಾಗ ನಿನ್ನ ಕೈಯಾಗೇ ಐತಿ, ಟಿಪ್ಪಿನಾಗ ಇಲ್ಲ."

ಹಾಗಾದರೆ ಟಿಪ್ ಆರಿಸುವುದು ಯಾವುದರ ಮೇಲೆ? ಎಷ್ಟು ದಿನ ಆಕಾರ ಉಳಿಸಿಕೊಳ್ಳುತ್ತದೆ, ಕೈಗೆ ಹೊಡೆತ ಹೇಗೆ ತಿಳಿಯುತ್ತದೆ, ಯಾರು ನೋಡಿಕೊಳ್ಳುತ್ತಾರೆ, ಇಷ್ಟರ ಮೇಲೆ. ಟಿಪ್ಪಿನ ಬ್ರಾಂಡುಗಳಲ್ಲಿ ಎಲ್ಕ್ ಮಾಸ್ಟರ್ ಮೆತ್ತಗಿನ ಒಂಟಿ ಚರ್ಮ, ಅಂದರೆ ಒಂದೇ ತುಂಡಿನದು, ಬ್ಲೂ ಡೈಮಂಡ್ ಅದಕ್ಕಿಂತ ಬಿಗಿ, ಟ್ರೈಆಂಗಲ್ ಇನ್ನೂ ಗಟ್ಟಿ. ಕಮುಯಿ, ಮೂರಿ ಥರದ ಜಪಾನಿ ಟಿಪ್ಪುಗಳು ಹಂದಿ ಚರ್ಮದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಪದರದ ಟಿಪ್ಪಿನ ನಿಜವಾದ ಲಾಭವೆಂದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ, ಅಣಬೆಯಂತೆ ಅಂಚು ಹೊರಬೀಳುವುದೂ ಕಡಿಮೆ. ಒಂದರ ಬೆಲೆಗೆ ಒಂಟಿ ಚರ್ಮದವು ರಾಶಿ ಬರುತ್ತವೆ ಎಂಬುದು ಇನ್ನೊಂದು ಮಾತು. ಹತ್ತು ಜನ ಹಿಡಿಯುವ ಸ್ಟಿಕ್ಕಿಗೆ ಕಮುಯಿ ಹಾಕುವುದು ನನ್ನ ಲೆಕ್ಕದಲ್ಲಿ ದುಡ್ಡು ಹಾಳು. ಚಾಕ್ ಹಚ್ಚದೆ ಹೊಡೆಯುವವನು, ತುದಿಯನ್ನು ನೆಲಕ್ಕೆ ಊರಿ ನಿಲ್ಲುವವನು ಅಲ್ಲಿ ಇದ್ದೇ ಇರುತ್ತಾನೆ. ಪಾರ್ಲರಿನ ಸ್ಟಿಕ್ಕುಗಳಿಗೆ ಮಧ್ಯಮ ಗಟ್ಟಿಯ ಒಂಟಿ ಚರ್ಮವೇ ಸರಿ ಎಂದು ತೀರ್ಮಾನವಾಯಿತು.

ಕಲಬುರಗಿಯ ಹವೆಯೂ ಈ ತೀರ್ಮಾನಕ್ಕೆ ಸೇರುತ್ತದೆ. ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ; ಚರ್ಮ ಒಣಗಿ ಬಿಗಿಯಾಗಿ ಮೇಲ್ಮೈ ಗಾಜಿನಂತೆ ಹೊಳೆಯತೊಡಗುತ್ತದೆ. ಮಳೆಗಾಲದಲ್ಲಿ ಅದೇ ಚರ್ಮ ಪಸೆ ಹೀರಿ ಮೆತ್ತಗಾಗಿ ಅಂಚು ಹಿಗ್ಗಿಸುತ್ತದೆ. ತೀರಾ ಗಟ್ಟಿ ಹಾಕಿದರೆ ಬೇಸಿಗೆಯಲ್ಲಿ ಜಾರುತ್ತದೆ, ತೀರಾ ಮೆತ್ತಗಿನದು ಹಾಕಿದರೆ ಆಗಸ್ಟಿನಲ್ಲಿ ವಾರಕ್ಕೊಮ್ಮೆ ಅಂಚು ಕೆತ್ತುತ್ತ ಕೂರಬೇಕು.

ಒಂಟಿ ಚರ್ಮದ ಟಿಪ್ಪಿನ ಡಬ್ಬಿಯಲ್ಲಿ 50 ಇದ್ದರೆ ಐವತ್ತೂ ಒಂದೇ ಥರ ಇರುವುದಿಲ್ಲ. ಒಂದೇ ತೊಗಲಿನಲ್ಲೂ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಆರಿಸುವ ಕ್ರಮ ಹೀಗೆ. ಮೊದಲು ಉಗುರಿನಿಂದ ಬದಿಯನ್ನು ಒತ್ತಿ ನೋಡುವುದು. ಗುರುತು ಬಿದ್ದು ಹಾಗೆಯೇ ಉಳಿದರೆ ಅದು ಬೇಡ. ಆಮೇಲೆ ಒಂದು ಗೇಣು ಎತ್ತರದಿಂದ ಗಾಜಿನ ಮೇಲೆ ಬೀಳಿಸಿ ಕಿವಿಗೊಡುವುದು. ಬಿಗಿಯಾದದ್ದು ಟಣ್ ಅಂದು ಪುಟಿಯುತ್ತದೆ, ಪೊಳ್ಳಾದದ್ದು ಥಪ್ ಅಂದು ಅಲ್ಲೇ ಕೂರುತ್ತದೆ. ಸದ್ದಿನ ಮೇಲೆ ಮೂರು ಗುಂಪು ಮಾಡಿದರೆ ನಡುವಿನ ಗುಂಪೇ ದೊಡ್ಡದಿರುತ್ತದೆ, ಬೇಕಾದದ್ದೂ ಅದೇ. ಹೆಚ್ಚು ಖಚಿತ ಬೇಕೆಂದರೆ ಬಂಗಾರದ ಅಂಗಡಿಯ ತಕ್ಕಡಿ ಇದೆ. ಒಂದೇ ಅಳತೆಯ ಟಿಪ್ಪುಗಳಲ್ಲಿ ಭಾರದ್ದು ಹೆಚ್ಚು ಬಿಗಿ. ಮೆತ್ತಗಿನವನ್ನು ಎಸೆಯಬೇಕಿಲ್ಲ. ಅವನ್ನು ಹಾಲಿನಲ್ಲಿ ನೆನೆಸಿ ವೈಸಿನಲ್ಲಿ (ಬಿಗಿಹಿಡಿಯುವ ಇಕ್ಕಳದಲ್ಲಿ) ಒತ್ತಿಟ್ಟು ಒಣಗಿಸುವವರಿದ್ದಾರೆ. ಗಟ್ಟಿಯಾಗುವುದು ಒತ್ತಿದ್ದರಿಂದ, ಹಾಲಿನಿಂದ ಅಂತ ನನಗೇನೂ ಅನ್ನಿಸುವುದಿಲ್ಲ.

ಹಳೆ ಟಿಪ್ಪನ್ನು ಬ್ಲೇಡಿನಿಂದ ಫೆರೂಲಿಗೆ ತಾಗಿದಂತೆ ಕತ್ತರಿಸಿ, ಉಳಿದ ಅಂಟನ್ನು ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಬೇಕು. ಮೇಲ್ಮೈ ಪೂರ್ತಿ ಸಪಾಟಾಗಿರಬೇಕು, ಸ್ಟಿಕ್ಕಿಗೆ ಲಂಬವಾಗಿರಬೇಕು. ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ಪಾಲಿಶ್ ಪೇಪರಿನಿಂದ ತಿಕ್ಕಿದರೆ ಅಂಚು ಉರುಟಾಗಿ ನಡು ಉಬ್ಬುತ್ತದೆ, ಟಿಪ್ಪು ಆ ಉಬ್ಬಿನ ಮೇಲಷ್ಟೇ ಕೂರುತ್ತದೆ. ಟಿಪ್ಪಿನ ತಳವನ್ನು ತಿಕ್ಕಲು 120 ನಂಬರಿನ ಪೇಪರನ್ನು ಸಪಾಟು ಜಾಗದಲ್ಲಿ ಹಾಸಬೇಕು. ಇಲ್ಲಿ ಎಲ್ಲರ ಮನೆಯಲ್ಲೂ ಶಹಾಬಾದ್ ಕಲ್ಲಿದೆ, ಆದರೆ ಪಾಲಿಶ್ ಮಾಡದ ಕಲ್ಲು ಕಣ್ಣಿಗೆ ಸಪಾಟು ಕಂಡರೂ ಏರುತಗ್ಗು ಇರುತ್ತದೆ. ಕಿಟಕಿಯ ಗಾಜಿನ ತುಂಡೇ ವಾಸಿ. ಟಿಪ್ಪನ್ನು ಎಂಟರ ಆಕಾರದಲ್ಲಿ ತಿಕ್ಕುತ್ತ, ತಳದ ಹೊಳಪೆಲ್ಲ ಹೋಗುವವರೆಗೆ ಬಿಡಬಾರದು. ಫೆರೂಲಿನ ಮೇಲೂ ಟಿಪ್ಪಿನ ಮೇಲೂ ಬೆರಳು ತಾಗಿದರೆ ಎಣ್ಣೆ, ಎಣ್ಣೆ ಬಿದ್ದರೆ ಅಂಟು ನಿಲ್ಲದು.

ಅಂಟು ಸೂಪರ್ ಗ್ಲೂ, ಆದರೆ ಜೆಲ್ ಆಗಿರಬೇಕು. ನೀರಿನಂತಿರುವ ತೆಳು ಅಂಟು ಚರ್ಮದೊಳಗೆ ಏರಿ, ತಳದ ಒಂದು ಮಿ.ಮೀ. ಕಲ್ಲಾಗಿಬಿಡುತ್ತದೆ, ಮೆತ್ತನೆ ಟಿಪ್ ಹಾಕಿಯೂ ಗಟ್ಟಿ ಟಿಪ್ಪಿನ ಹೊಡೆತ ಸಿಗುತ್ತದೆ. ಫೆರೂಲಿನ ನಡುವೆ ಒಂದು ತೊಗರಿ ಬೇಳೆಯಷ್ಟು ಜೆಲ್ ಸಾಕು. ಟಿಪ್ಪು ಕೂರಿಸಿ, ಒಂದು ಸುತ್ತು ತಿರುಗಿಸಿ ಅಂಟು ಹರಡಿ, ಸ್ಟಿಕ್ಕನ್ನು ತಲೆಕೆಳಗು ಮಾಡಿ ಗಾಜಿನ ಮೇಲೆ ಊರಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಈ ಅಂಟು ಗಟ್ಟಿಯಾಗುವುದು ಗಾಳಿಯ ಪಸೆಯಿಂದ. ಮಳೆಗಾಲದಲ್ಲಿ ಹಿಡಿದುಬಿಡುವ ಅಂಟು ಇಲ್ಲಿನ ಮೇ ತಿಂಗಳ ಒಣ ಗಾಳಿಯಲ್ಲಿ ನಿಧಾನ ಮಾಡುತ್ತದೆ. ಟಿಪ್ಪು ಕೂರಿಸುವ ಮುನ್ನ ಫೆರೂಲಿಗೆ ಒಂದು ಸಲ ಬಾಯಿಂದ ಬಿಸಿಯುಸಿರು ಬಿಟ್ಟರೆ ಕೆಲಸ ಸಲೀಸು. ಹಿಡಿಯಿತು ಅಂತ ಕೂಡಲೇ ಕೆತ್ತಲು ಹೋಗಬಾರದು, ಒಂದು ರಾತ್ರಿ ಬಿಡುವುದೇ ಕ್ಷೇಮ. ಮಾಲಕರಿಗೆ ಸಂಜೆಗೆ ಬೇಕಾಗಿದ್ದ ಅರ್ಧ ಸ್ಟಿಕ್ಕುಗಳನ್ನು ಹಾಗಾಗಿ ಹಳೆ ಟಿಪ್ಪಿನಲ್ಲೇ ಬಿಟ್ಟು, ಮೇಲ್ಮೈ ಕೆರೆದು ಕೊಟ್ಟದ್ದಾಯಿತು.

ಮರುದಿನ ಕೆತ್ತನೆ. ಫೆರೂಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಸ್ಟಿಕ್ಕನ್ನು ತಲೆಕೆಳಗಾಗಿ ಹಲಗೆಯ ಮೇಲೆ ಊರಿ, ಹೊರಬಿದ್ದ ಚರ್ಮವನ್ನು ಹೊಸ ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೊಂಡು ಬ್ಲೇಡು ಪದರದ ಟಿಪ್ಪನ್ನು ಸೀಳುತ್ತದೆ. ಉಳಿದ ಕೂದಲೆಳೆಯನ್ನು 320, ಆಮೇಲೆ 600ರ ಪೇಪರಿನಿಂದ ತಿಕ್ಕುವುದು. ಫೆರೂಲಿಗೆ, ಮರಕ್ಕೆ ಪೇಪರ್ ತಾಗಿಸಲೇಬಾರದು. ಪ್ರತಿ ಸಲ ಅಷ್ಟಷ್ಟೇ ತಿಕ್ಕಿ 13ರ ತುದಿ 12 ಆಗಿರುವ ಸ್ಟಿಕ್ಕುಗಳು ಪಾರ್ಲರುಗಳಲ್ಲಿ ಬೇಕಾದಷ್ಟಿವೆ. ಕೊನೆಗೆ ಬದಿಗೆ ಒದ್ದೆ ಬೆರಳು ಆಡಿಸಿ, ಹಳೆ ಚಪ್ಪಲಿಯ ಚರ್ಮದ ತುಂಡಿನಿಂದ ಬಿಸಿ ಹತ್ತುವ ತನಕ ಜೋರಾಗಿ ಉಜ್ಜಬೇಕು. ಬದಿ ಕಪ್ಪಗೆ ಹೊಳೆದು ಬಿಗಿಯಾಗುತ್ತದೆ, ಅಂಚು ಹೊರಬೀಳುವುದನ್ನು ತಡೆಯುವುದು ಈ ಬಿಗಿಯೇ. ತುಂಬ ಜನ ಬಿಟ್ಟುಬಿಡುವ ಕೆಲಸವೂ ಇದೇ.

ಇನ್ನು ಟಿಪ್ಪಿನ ತಲೆಯನ್ನು ಗುಮ್ಮಟದಂತೆ ಉರುಟು ಮಾಡಬೇಕು. ಆ ಬಾಗಿಗೆ ಅಮೆರಿಕದವರು ತಮ್ಮ ನಿಕಲ್, ಡೈಮ್ ನಾಣ್ಯಗಳ ಅಳತೆ ಹೇಳುತ್ತಾರೆ. ನಮ್ಮ ಜೇಬಿನಲ್ಲೂ ಅಂಥವಿವೆ. 2011ರಲ್ಲಿ ಬಂದ ಒಂದು ರೂಪಾಯಿ ನಾಣ್ಯದ ವ್ಯಾಸ 22 ಮಿ.ಮೀ., ಅದು ನಿಕಲಿಗೆ ಹತ್ತಿರ. ಅದೇ ಸಾಲಿನ 50 ಪೈಸೆ 19 ಮಿ.ಮೀ., ಅದು ಡೈಮಿಗಿಂತ ತುಸು ದೊಡ್ಡದು. ಹಳೆ ವಿಸಿಟಿಂಗ್ ಕಾರ್ಡಿನ ಅಂಚಿನಲ್ಲಿ ನಾಣ್ಯವಿಟ್ಟು ಗೆರೆ ಎಳೆದು ಅರ್ಧಚಂದ್ರ ಕತ್ತರಿಸಿದರೆ ಅಳತೆಗೋಲು ಸಿದ್ಧ. ಕಾರ್ಡನ್ನು ಟಿಪ್ಪಿಗೆ ಹಿಡಿದು ಟ್ಯೂಬ್‌ಲೈಟಿನ ಕಡೆ ನೋಡಿದರೆ ಬೆಳಕು ತೂರುವ ಕಡೆ ಇನ್ನೂ ಹೊಂದಿಲ್ಲ ಎಂದರ್ಥ. 13ರ ಟಿಪ್ಪಿಗೆ ರೂಪಾಯಿ ಗುಮ್ಮಟ ಕೊಟ್ಟರೆ ನಡುಭಾಗ ಅಂಚಿಗಿಂತ ಸುಮಾರು 2 ಮಿ.ಮೀ. ಎತ್ತರ ನಿಲ್ಲುತ್ತದೆ. ಸ್ನೂಕರಿನ ಸಣ್ಣ ತುದಿಗೆ 50 ಪೈಸೆ ಸರಿ. ಚಪ್ಪಟೆ ಟಿಪ್ಪಿನಲ್ಲಿ ಬದಿಗೆ ಹೊಡೆದರೆ ಚೆಂಡಿಗೆ ತಾಗುವುದು ಚಾಕಿಲ್ಲದ ಅಂಚು. ಜಾರಿದ ತಪ್ಪು ಚರ್ಮದ ಮೇಲೆ ಬೀಳುತ್ತದೆ.

ಹುಡುಗನ ಸ್ಟಿಕ್ಕು ಕೊನೆಗೆ ಬಂತು. ಅವನಿಗೆ ಪದರದ ಮಧ್ಯಮ ಟಿಪ್ಪೇ ಸರಿ, ಸ್ವಂತ ಸ್ಟಿಕ್ಕು, ಚೀಲದಲ್ಲಿಟ್ಟು ತರುತ್ತಾನೆ, ಚಾಕ್ ಮರೆಯುವುದಿಲ್ಲ. ಹೇಳಿದ್ದು ಇಷ್ಟು: ಬಿಸಿಲಿನಲ್ಲಿ ಬೈಕಿಗೆ ಕಟ್ಟಿ ನಿಲ್ಲಿಸಬೇಡ, ಬಿಸಿಗೆ ಅಂಟು ಬಿಡುತ್ತದೆ. ಮೇಲ್ಮೈ ಹೊಳೆಯತೊಡಗಿದರೆ ಸೂಜಿಮೊನೆಗಳಿರುವ ಟಿಪ್ ಪಿಕ್ಕಿನಿಂದ ಚುಚ್ಚಿ ಎಬ್ಬಿಸು, ಪೇಪರಿನಿಂದ ತಿಕ್ಕಿ ತಿಕ್ಕಿ ಸವೆಸಬೇಡ. ಬ್ರೇಕ್, ಅಂದರೆ ಆಟ ಶುರುವಿನಲ್ಲಿ ಚೆಂಡುಗಳ ಗುಂಪು ಚದುರಿಸುವ ಜೋರು ಹೊಡೆತ, ಹೊಡೆಯಲು ಪಾರ್ಲರಿನ ಸ್ಟಿಕ್ ತಗೋ, ನಿನ್ನದರಲ್ಲಿ ಹೊಡೆದರೆ ಚರ್ಮ ಒಂದೇ ತಿಂಗಳಲ್ಲಿ ಕೂತುಬಿಡುತ್ತದೆ. ಟಿಪ್ಪಿನ ಬದಿಯ ಎತ್ತರ ಒಂದೂವರೆ ಮಿ.ಮೀ.ಗೆ ಇಳಿದರೆ ಬದಲಿಸು.

"ಒಂದೂವರೆ ಹೆಂಗ ಗೊತ್ತಾಗ್ತದ್ರಿ ಅಣ್ಣಾರ?"

ಎಟಿಎಂ ಕಾರ್ಡಿನ ದಪ್ಪ ಮುಕ್ಕಾಲು ಮಿ.ಮೀ. ಎರಡು ಕಾರ್ಡು ಜೋಡಿಸಿ ಬದಿಗೆ ಹಿಡಿದು ನೋಡುವುದು.