ಗಳಲೆ ಲಸಿಕೆ: ಮೇ ತಿಂಗಳಲ್ಲಿ ತಪ್ಪಿಹೋಗುವ ಕರು

ಗಳಲೆ ರೋಗ ಕರುವಿಗೆ ತಗುಲಿದರೆ ಔಷಧಿ ಮಾಡಲು ಹೊತ್ತೇ ಸಿಗುವುದಿಲ್ಲ. ಬೆಳಿಗ್ಗೆ 105–106 ಡಿಗ್ರಿ ಜ್ವರ, ಜೊಲ್ಲು, ಗಂಟಲ ಕೆಳಗೆ ಬಾವು, ಗೊರಗೊರ ಉಸಿರು. ಎಷ್ಟೋ ಸಲ ಮರುದಿನಕ್ಕೆ ಕರು ಇರುವುದಿಲ್ಲ. 6 ತಿಂಗಳಿಂದ 2 ವರ್ಷದವಕ್ಕೇ ಹೊಡೆತ ಹೆಚ್ಚು, ಅದರಲ್ಲೂ ಎಮ್ಮೆಗರುಗಳಿಗೆ. ಇದನ್ನು ತರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಗಟ್ಟಿಮುಟ್ಟಾದ ದನದ ಗಂಟಲಲ್ಲೂ ಸದ್ದಿಲ್ಲದೆ ಇರಬಲ್ಲದು. ಮಳೆ, ಥಂಡಿ, ಸಂತೆಯಿಂದ ನಡೆಸಿಕೊಂಡು ಬಂದ ಸುಸ್ತು ಸೇರಿದಾಗ ಎದ್ದುಬರುತ್ತದೆ.

ಲಸಿಕೆ ಚುಚ್ಚಿದ ಮೇಲೆ ರೋಗ ತಡೆಯುವ ಶಕ್ತಿ ಬರಲು ಎರಡು-ಮೂರು ವಾರ ಬೇಕು. ಹಾಗಾಗಿ ಭರಣಿ, ತಪ್ಪಿದರೆ ಕೃತ್ತಿಕೆ ಮಳೆಯೊಳಗೆ, ಅಂದರೆ ಮೇ ತಿಂಗಳಲ್ಲೇ, ಹಾಕಿಸಬೇಕು. ಮೃಗಶಿರಾ ಹಿಡಿದ ಮೇಲೆ ಓಡಾಡಿದರೆ ಅರ್ಧ ಆಟ ಮುಗಿದಿರುತ್ತದೆ.

ನಿಜವಾದ ಎಡವಟ್ಟು ವಯಸ್ಸಿನ ಲೆಕ್ಕದಲ್ಲಿದೆ. ಮೊದಲ ಲಸಿಕೆ ಸಾಮಾನ್ಯವಾಗಿ 6 ತಿಂಗಳಿಗೆ. ಅದಕ್ಕೆ ಮುಂಚೆ ಗಿಣ್ಣುಹಾಲಿನಿಂದ ಬಂದ ತಾಯಿಯ ರಕ್ಷಣೆ ರಕ್ತದಲ್ಲಿದ್ದು, ಲಸಿಕೆಯ ಕೆಲಸವನ್ನೇ ತಡೆಯಬಹುದು. ಜನವರಿಯಲ್ಲಿ ಹುಟ್ಟಿದ ಕರು ಮೇ ತಿಂಗಳಲ್ಲಿ 4 ತಿಂಗಳದ್ದು. ಲಸಿಕೆ ಹಾಕಲು ಊರಿಗೆ ಬಂದವರು ‘ಚಿಕ್ಕದು’ ಎಂದು ಬಿಟ್ಟುಹೋಗುತ್ತಾರೆ. ಜುಲೈಗೆ 6 ತುಂಬುತ್ತದೆ, ನಡುಮಳೆ, ಯಾರಿಗೂ ನೆನಪಿರುವುದಿಲ್ಲ. ಹುಟ್ಟಿದ ತಾರೀಖನ್ನು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಾದರೂ ಬರೆದಿಡಿ, ಆರು ತುಂಬಿದ ವಾರವೇ ಪಶು ಆಸ್ಪತ್ರೆಗೆ ಕೇಳಿ. ಹಿಂದೆ ರೋಗ ಕಂಡ ಊರಾದರೆ ಇನ್ನೂ ಮುಂಚೆ ಶುರು ಮಾಡಿ ಎರಡನೇ ಡೋಸ್ ಕೊಡಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಈಗ ಬಾಟಲಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಹೆಪ್ಪುಗಟ್ಟುವುದಕ್ಕೆ ಯಾರೂ ಹೆದರುವುದಿಲ್ಲ. ಆಲಂ (ಪಟಿಕ) ಸೇರಿಸಿದ ಲಸಿಕೆಯನ್ನು ಫ್ರೀಜರ್‌ನಲ್ಲಿಟ್ಟರೆ ಅಥವಾ ಐಸ್‌ಗೆ ನೇರ ಒತ್ತಿಟ್ಟರೆ ಅದು ಕೆಟ್ಟಹಾಗೆಯೇ. ಅಲುಗಾಡಿಸಿ ನೋಡಿ: ಒಳ್ಳೆಯದು ತೆಳು ಮಜ್ಜಿಗೆಯಂತೆ ಒಂದೇ ಸಮ ಬೆಳ್ಳಗೆ ನಿಲ್ಲುತ್ತದೆ, ಹೆಪ್ಪುಗಟ್ಟಿ ಕರಗಿದ್ದರಲ್ಲಿ ಒಡೆದ ಹಾಲಿನಂತೆ ಚೂರು ಕಂಡು, ಬೇಗ ತಳಕ್ಕಿಳಿಯುತ್ತದೆ. ಅಂಥದ್ದನ್ನು ಚುಚ್ಚಿಸಬೇಡಿ. ಪ್ರತಿ ಸಲ ಸಿರಿಂಜಿಗೆ ಎಳೆಯುವ ಮುಂಚೆಯೂ ಅಲುಗಾಡಿಸಬೇಕು, ಇಲ್ಲವಾದರೆ ಮೊದಲ ಕರುಗಳಿಗೆ ನೀರು, ಕೊನೆಯವಕ್ಕೆ ಗಷ್ಟು.

ಆಲಂ ಲಸಿಕೆ ಸಾಮಾನ್ಯವಾಗಿ 5 ಮಿ.ಲೀ., ಕುತ್ತಿಗೆಯ ಚರ್ಮವನ್ನು ಗುಡಾರದ ಹಾಗೆ ಎತ್ತಿ ಅದರಡಿಗೆ. ಎಣ್ಣೆ ಲಸಿಕೆ 2–3 ಮಿ.ಲೀ., ಮಾಂಸದ ಆಳಕ್ಕೆ. ಮೊದಲನೆಯದು ಸುಮಾರು 4–6 ತಿಂಗಳು ಕಾಯುತ್ತದೆ, ಎರಡನೆಯದು ಹತ್ತಿರ ಹತ್ತಿರ ವರ್ಷ. ಯಾವುದು ಹಾಕಿದರೆಂದು ಕೇಳಿ ಬರೆದುಕೊಳ್ಳಿ. ಒಂದು ಕರುವಿಗೆ ಒಂದು ಸೂಜಿ. ಜ್ವರ, ಭೇದಿ ಇರುವ ಕರುವಿಗೆ ಈಗ ಬೇಡ. ಜಂತು ಔಷಧಿ ಎರಡು ವಾರ ಮುಂಚೆಯೇ ಮುಗಿದಿರಲಿ. ಚುಚ್ಚಿದ ಮೇಲೆ ಅರ್ಧ ಗಂಟೆ ನೋಡಿಕೊಂಡಿರಿ. ಕಣ್ಣುರೆಪ್ಪೆ ಊದಿ ಏದುಸಿರು ಬಂದರೆ ವೈದ್ಯರು ಅಲ್ಲೇ ಬೇಕು. ಸಣ್ಣ ಗಂಟು, ಒಂದು ದಿನದ ಮಂಕು ಸಹಜ.

ಇದೆಲ್ಲ ಮಾಡಿಯೂ ಕರು ಕೆಮ್ಮುತ್ತಿದ್ದರೆ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕರುವಿನ ಮೂಗಿನ ಎತ್ತರಕ್ಕೆ ಉಸಿರೆಳೆಯಿರಿ. ಗಂಜಲದ ಘಾಟು ನಿಮ್ಮ ಕಣ್ಣಿಗೆ ಹತ್ತಿದರೆ ಅದರ ಶ್ವಾಸಕೋಶಕ್ಕೂ ಹತ್ತಿದೆ. ಹಿಂದಿನ ದಿನ ಗೊಟ್ಟದಲ್ಲಿ (ಔಷಧಿ ಕುಡಿಸುವ ಕೊಳವೆ) ಕಷಾಯ ಹುಯ್ದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ: ತಲೆ ಮೇಲೆತ್ತಿ, ನಾಲಿಗೆ ಎಳೆದು ಹುಯ್ದದ್ದು ನೇರ ಶ್ವಾಸನಾಳಕ್ಕೆ ಹೋಗಿರಬಹುದು. ಆ ನ್ಯುಮೋನಿಯಾಕ್ಕೆ ಲಸಿಕೆ ಇಲ್ಲ.