ವಿರಾಜಪೇಟೆಗೆ ಹನ್ನೆರಡು ಟೋಪಿ

ಕೊಡಗಿಗೆ ಹೋಗುತ್ತೇನೆ ಅಂದರೆ ಸಾಕು, ಯಾರಾದರೂ ಒಂದು ಕೆಲಸ ಅಂಟಿಸುತ್ತಾರೆ. ಒಬ್ಬರಿಗೆ ಕಾಫಿಪುಡಿ ಬೇಕು, ಇನ್ನೊಬ್ಬರಿಗೆ ಕಾಚಂಪುಳಿ. ಈ ಸಲ ಮಾತ್ರ ತರುವ ಕೆಲಸವಲ್ಲ, ಕೊಡುವ ಕೆಲಸ. ಚಿಕ್ಕಮ್ಮ ಹನ್ನೆರಡು ಉಲನ್ ಟೋಪಿ ಹೆಣೆದು ಕವರಿಗೆ ತುಂಬಿದ್ದರು. "ಸಿಸ್ಟರುಗಳು ನಡೆಸೋ ಮನೆ ಕಣೇ. ಸಣ್ಣ ವಯಸ್ಸಿಗೇ ತಾಯಿ ಆದ ಹುಡುಗಿಯರಿದ್ದಾರೆ. ಅಲ್ಲಿ ಚಳಿ ಜಾಸ್ತಿ, ಕೂಸುಗಳಿಗೆ ಆಗುತ್ತೆ" ಅಂದರು.

ಮೈಸೂರಿನಿಂದ ಬೆಳಗಿನ ಬಸ್ಸು. ಹುಣಸೂರು, ಆನೆಚೌಕೂರಿನ ಕಾಡು, ತಿತಿಮತಿ, ಗೋಣಿಕೊಪ್ಪ. ಆನೆ ಕಾಣಲಿಲ್ಲ, ಲದ್ದಿ ಕಂಡಿತು. ಜನವರಿ ಆದ್ದರಿಂದ ರೋಬಸ್ಟಾ ಕುಯ್ಲು ಜೋರಾಗಿತ್ತು. ದಾರಿಯುದ್ದಕ್ಕೂ ಜೀಪುಗಳಲ್ಲಿ ನಿಂತು ಹೋಗುವ ಆಳುಗಳು, ಅವರ ಕಾಲಸಂದಿಯಲ್ಲಿ ಮಕ್ಕಳು. ಶಾಲೆಗೆ ರಜೆ ಇರಲಿಲ್ಲ, ಅವತ್ತು ಬುಧವಾರ.

ವಿರಾಜಪೇಟೆಯಲ್ಲಿ ಒಂದು ಗಂಟೆ ಸಮಯವಿತ್ತು. ಸಂತ ಅನ್ನಮ್ಮನ ಚರ್ಚಿಗೆ ಹೋದೆ. ಊರಿನ ಯಾವ ಮೂಲೆಯಲ್ಲಿ ನಿಂತರೂ ಅದರ ಗೋಪುರ ಕಾಣುತ್ತದೆ. 1792ರಲ್ಲಿ ಶುರುವಾದದ್ದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ಯಾಥೊಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. ಅಂದರೆ ಮನೆಮಠ ಬಿಟ್ಟು ಓಡಿಬಂದವರು ಕಟ್ಟಿಕೊಂಡ ಚರ್ಚು. ಒಳಗೆ ಒಬ್ಬರು ಮುದುಕಿ ಜಪಮಾಲೆ ಹಿಡಿದುಕೊಂಡೇ ನಿದ್ದೆ ಹೋಗಿದ್ದರು.

ನಾನು ಹೋಗಬೇಕಿದ್ದ ಮನೆ ಊರಿನ ಆಚೆ. ಎಲ್ಲಿ ಅಂತ ಬರೆಯುವುದಿಲ್ಲ, ಅದರ ಹೆಸರೂ ಬೇಡ. ಇಂಥ ಮಕ್ಕಳ ಗುರುತು ಹೊರಗೆ ಹಾಕಬಾರದು ಅಂತ ಕಾನೂನೇ ಇದೆ.

ನಿಜ ಹೇಳಬೇಕೆಂದರೆ, ಗೇಟು ದಾಟುವಾಗ ಮನಸ್ಸಿನಲ್ಲಿ ಸ್ವಲ್ಪ ಅನುಮಾನ ಇತ್ತು. ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಆಸರೆ ಕೊಡುವುದು ಕ್ರೈಸ್ತ ಸನ್ಯಾಸಿನಿಯರಿಗೆ ಹೊಸದಲ್ಲ. ಫ್ರಾನ್ಸಿನಲ್ಲಿ 1835ರಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಿಸ್ಟರುಗಳು 1854ಕ್ಕೇ ಬೆಂಗಳೂರಿಗೆ ಬಂದಿದ್ದರು. ಆದರೆ ಐರ್ಲೆಂಡಿನಲ್ಲಿ ಕಾನ್ವೆಂಟುಗಳ ಲಾಂಡ್ರಿಗಳಲ್ಲಿ ಇಂಥ ಹುಡುಗಿಯರನ್ನು ಕೂಡಿಹಾಕಿ, ಕೂಲಿಯಿಲ್ಲದೆ ಬಟ್ಟೆ ಒಗೆಸಿದ ಕಥೆಯೂ ಇದೆ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಅದನ್ನು ಓದಿದ್ದರಿಂದಲೋ ಏನೋ, ನನ್ನ ಕಣ್ಣು ಮೊದಲು ಹೋಗಿದ್ದು ಒಗೆಯುವ ಕಲ್ಲಿನ ಕಡೆಗೆ. ಅಲ್ಲಿ ಐವತ್ತು ದಾಟಿದ ಸಿಸ್ಟರ್ ಒಬ್ಬರು ಸೀರೆ ಎತ್ತಿ ಕಟ್ಟಿಕೊಂಡು ಕೂಸಿನ ಬಟ್ಟೆ ತಿಕ್ಕುತ್ತಿದ್ದರು. "ಬನ್ನಿ ಬನ್ನಿ, ಕೈ ಒದ್ದೆ ಉಂಟು" ಅಂದರು. ಮಂಗಳೂರು ಕಡೆಯವರು.

ಹಿತ್ತಿಲ ಬಚ್ಚಲಿನಲ್ಲಿ ಸ್ನಾನ ನಡೆಯುತ್ತಿತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಅಜ್ಜಿಯೊಬ್ಬರು ಮಣೆ ಮೇಲೆ ಕೂತು ಎರಡೂ ಕಾಲು ಚಾಚಿದ್ದರು. ಕಾಲ ಮೇಲೆ ಎರಡು ತಿಂಗಳ ಮಗು ಬೋರಲು ಮಲಗಿತ್ತು. ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಬೆನ್ನಿನ ಮೇಲೆ ಒಂದೊಂದೇ ಚೊಂಬು. ಅಜ್ಜಿ ಕ್ರಿಶ್ಚಿಯನ್ನರಲ್ಲ, ಹತ್ತಿರದ ಹಳ್ಳಿಯವರು. ನೂರಾರು ಕೂಸುಗಳಿಗೆ ನೀರು ಹಾಕಿದ ಕಾಲು. ಪಕ್ಕದಲ್ಲಿ ಮಗುವಿನ ತಾಯಿ ನಿಂತಿದ್ದಳು. ಎರಡು ಜಡೆ, ಸೊಂಟಕ್ಕೆ ಸಿಕ್ಕಿಸಿದ ಚೂಡಿದಾರದ ವೇಲು. ಹದಿನಾರು ವರ್ಷ.

"ಈಗ ನೀನು" ಅಂದರು ಅಜ್ಜಿ.

ಅವಳು ಕೂತಳು, ಕಾಲು ಚಾಚಿದಳು. ಮಗು ಬಂತು. ಎಣ್ಣೆ ಮೈ ಅಲ್ವಾ, ಒಂದು ಇಂಚು ಜಾರಿತು. ನನ್ನ ಎದೆ ಧಸಕ್ ಅಂದಿತು. ಅಜ್ಜಿಯ ಕೈ ಮಾತ್ರ ಮುಂದೆ ಬರಲಿಲ್ಲ.

"ಹಿಡ್ಕೊ. ಕಂಕುಳಲ್ಲಿ ಹಿಡಿ. ಅದೆಂತ ಗಾಜಾ?"

ಹಿಡಿದಳು. ಮಗು ಕಿರುಚಿತು. ಅವಳು ಮೊದಲ ಚೊಂಬು ನೀರು ಹಾಕಿದ್ದು ಮಗುವಿಗಿಂತ ಜಾಸ್ತಿ ತನ್ನ ಮೇಲೇ. ಮೂರನೆಯದು ಸರಿಯಾಗಿ ಬಿತ್ತು.

ನಾನು ಏನೇನೋ ಕಲ್ಪಿಸಿಕೊಂಡು ಬಂದಿದ್ದೆ. ಪ್ರಾರ್ಥನೆ, ಹೊಲಿಗೆ ತರಗತಿ, ಗೋಡೆ ಮೇಲೆ ಬೈಬಲ್ ವಚನ. ಎಲ್ಲವೂ ಇದ್ದವು. ಆದರೆ ಆ ಮನೆಯ ಮುಖ್ಯ ಕೆಲಸ ಬಾಣಂತನ. ತವರಿನಲ್ಲಿ ಆಗಬೇಕಾದದ್ದು. ತವರು ಬಾಗಿಲು ಹಾಕಿದೆ, ಅಥವಾ ತವರೆಂದರೆ ಎಸ್ಟೇಟಿನ ಲೈನ್ ಮನೆಯ ಒಂದೇ ಕೋಣೆ, ಅಮ್ಮ ಬೆಳಿಗ್ಗೆ ಏಳಕ್ಕೇ ಕುಯ್ಲಿಗೆ. ಯಾರು ನೀರು ಹಾಕುವುದು?

ಅಜ್ಜಿಗೂ ವಾರಕ್ಕೊಮ್ಮೆ ಬರುವ ನರ್ಸಿಗೂ ದಿನಾ ಜಗಳವಂತೆ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು, ಸೊಪ್ಪು ತಿನ್ನಬಾರದು ಅಂತ ಅಜ್ಜಿ. ಕುಡಿಯಲೇಬೇಕು, ತಿನ್ನಲೇಬೇಕು ಅಂತ ನರ್ಸು. "ವಾರಕ್ಕೊಮ್ಮೆ ಬರುವವರ ಜೊತೆ ದಿನಾ ಹೇಗೆ ಜಗಳ?" ಅಂತ ಕೇಳಿದೆ. "ಫೋನಿನಲ್ಲಿ" ಅಂದರು ಸಿಸ್ಟರ್. ಕೊನೆಗೆ ರಾಜಿಯಾಗಿದೆ. ಸಾಂಬ್ರಾಣಿ ಹೊಗೆ ಮಗುವಿಗಲ್ಲ, ಅದರ ಬಟ್ಟೆಗೆ. ಬೆಳ್ಳುಳ್ಳಿ ಸಾರು ಅಜ್ಜಿಯದು, ಕೆಂಪು ಕಬ್ಬಿಣದ ಮಾತ್ರೆ ನರ್ಸಿನದು. ಹೆರಿಗೆಯಾದ ಮೇಲೂ 180 ದಿನ ಅದನ್ನು ನುಂಗಬೇಕು. ಇನ್ನೂ ಬೆಳೆಯುತ್ತಿರುವ ಮೈ, ರಕ್ತ ಮೊದಲೇ ಕಡಿಮೆ.

ಆಮೇಲೆ ಹುಡುಗಿಗೆ ಹೊಟ್ಟೆ ಕಟ್ಟುವ ಕೆಲಸ. ಅಜ್ಜಿ ಹಳೆ ಕಾಟನ್ ಸೀರೆಯ ಒಂದು ತುದಿ ಹಿಡಿದರು, ಅವಳು ಬುಗುರಿ ಥರ ತಿರುಗುತ್ತಾ ಸುತ್ತಿಕೊಂಡಳು. ತಿರುಗುತ್ತಲೇ ನನ್ನನ್ನು ಕೇಳಿದಳು, "ಆಂಟಿ, ಮೈಸೂರು ಝೂನಲ್ಲಿ ಜಿರಾಫೆ ನಿಜವಾಗ್ಲೂ ಇದೆಯಾ?" ಇದೆ ಅಂದೆ. (ಆಂಟಿ ಅಂದದ್ದಕ್ಕೆ ಬೇಜಾರಿಲ್ಲ. ಸ್ವಲ್ಪ ಇದೆ.)

ಸಿಸ್ಟರ್ ಆಫೀಸು ಅಂದರೆ ಒಂದು ಗೋದ್ರೇಜ್ ಬೀರು, ತುಂಬ ಫೈಲು. ಹದಿನೆಂಟು ತುಂಬದ ಹುಡುಗಿ ಬಸುರಿ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ಹೇಳಲೇಬೇಕು. ಅವಳೇ ಇಷ್ಟಪಟ್ಟು ಹೋಗಿದ್ದರೂ ಅಷ್ಟೇ. ಹುಡುಗ ಜೈಲಿಗೆ ಹೋಗುತ್ತಾನೆ ಅನ್ನುವ ಭಯಕ್ಕೆ ಮನೆಯವರು ಆಸ್ಪತ್ರೆಗೇ ಕರೆದುಕೊಂಡು ಹೋಗುವುದಿಲ್ಲ. ಏಳು ತಿಂಗಳು ತುಂಬಿದ ಮೇಲೆ, ಕಾಲು ಊದಿಕೊಂಡ ಮೇಲೆ ಬರುತ್ತಾರೆ. "ಕಾನೂನು ತಪ್ಪು ಅನ್ನುವುದಿಲ್ಲ ನಾನು" ಅಂದರು ಸಿಸ್ಟರ್. "ಮೋಸ ಹೋದ ಮಕ್ಕಳೂ ಬೇಕಾದಷ್ಟು ಇದ್ದಾರೆ. ಆದರೆ ಹೆದರಿ ಅಡಗಿಕೊಂಡ ಹುಡುಗಿಗೆ ಬಿಪಿ ನೋಡುವವರು ಯಾರು?"

ಇಲ್ಲಿಗೆ ಯಾರನ್ನೂ ಸುಮ್ನೆ ಸೇರಿಸಿಕೊಳ್ಳುವ ಹಾಗಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಆ ಸಮಿತಿಯ ಲೆಕ್ಕದಲ್ಲಿ ತಾಯಿಯೂ ಮಗು, ಮಗುವೂ ಮಗು. ಸಾಕಲಾಗದೆ ಕೂಸನ್ನು ಒಪ್ಪಿಸಿದರೆ, ಮನಸ್ಸು ಬದಲಾಯಿಸಲು 60 ದಿನ ಅವಕಾಶ. ಅದಾದ ಮೇಲಷ್ಟೇ ದತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿತ್ತು. ಯಾರದು ಅಂತ ಕೇಳಲಿಲ್ಲ.

ಊಟಕ್ಕೆ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ. ಊಟದ ಹೊತ್ತಿಗೆ ಬ್ರದರ್ ಒಬ್ಬರು ಬಂದರು, ಇಪ್ಪತ್ತೈದರ ಹುಡುಗ. ಅವರದು ಗಂಡುಹುಡುಗರ ಕೆಲಸ. ಬೇರೆ ಕಡೆ ಮನೆ ಬಿಟ್ಟು ಬಂದ ಮಕ್ಕಳು ಸಿಗುವುದು ರೈಲ್ವೆ ಪ್ಲಾಟ್‌ಫಾರಂನಲ್ಲಿ. ಕೊಡಗಿಗೆ ರೈಲೇ ಇಲ್ಲ, ಹಾಗಾಗಿ ಇವರು ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಬೈಬಲ್ ಒಯ್ಯುವುದಿಲ್ಲ, ಕೇರಂ ಬೋರ್ಡ್ ಒಯ್ಯುತ್ತಾರೆ. ಆಟ ಮುಗಿಯುವ ಹೊತ್ತಿಗೆ ಯಾವ ಹುಡುಗನಿಗೆ ರಾತ್ರಿ ಮಲಗಲು ಜಾಗವಿಲ್ಲ ಅಂತ ಗೊತ್ತಾಗುತ್ತದಂತೆ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ಬೆಂಗಳೂರಿನ ಬಾಸ್ಕೋದಲ್ಲಿ ಕಲಿತ ಪಾಠ ಅಂದರು. ಆ ಹೆಸರು ಬಿಡಿಸಿದರೆ 'ಬೆಂಗಳೂರು ಓಣಿಯವರ ಸೇವಾ ಕೂಟ'. 'ಬೀದಿ ಮಕ್ಕಳು' ಅನ್ನುವುದಕ್ಕಿಂತ 'ಓಣಿಯವರು' ಎಷ್ಟು ಚೆಂದ.

ಕೇಳಲೋ ಬೇಡವೋ ಅಂದುಕೊಂಡು ಕೊನೆಗೆ ಕೇಳಿಯೇಬಿಟ್ಟೆ. "ಸಿಸ್ಟರ್, ಇಲ್ಲಿ ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸ್ತೀರಾ?"

ಅವರಿಗೆ ಸಿಟ್ಟು ಬರಲಿಲ್ಲ. ಬಚ್ಚಲಿನ ಕಡೆ ಕೈ ತೋರಿಸಿದರು. "ಸ್ನಾನ ನೋಡಿದಿರಲ್ಲ. ಅದೇ."

ಹೊರಡುವ ಮುಂಚೆ ಟೋಪಿ ಕವರು ಬಿಚ್ಚಿದೆವು. ಚಿಕ್ಕಮ್ಮನಿಗೆ ಕೂಸಿನ ತಲೆಯ ಅಳತೆ ಮರೆತೇಹೋಗಿದೆ. ಟೋಪಿ ಮಗುವಿನ ಗಲ್ಲದವರೆಗೂ ಇಳಿಯಿತು. ಎರಡು ಜಡೆಯ ಹುಡುಗಿ ಅದನ್ನು ತಾನೇ ಹಾಕಿಕೊಂಡು ಕನ್ನಡಿ ನೋಡಲು ಓಡಿದಳು. ಅಜ್ಜಿ ಇನ್ನೊಂದನ್ನು ಕೈಯಲ್ಲಿ ಹಿಡಿದು, ಎಳೆದು, ವಾಪಸ್ ಇಟ್ಟರು.

"ಉಲನ್ ಚುಚ್ಚುತ್ತದೆ. ಮುಂದಿನ ಸಲ ಹಳೆ ಸೀರೆ ತನ್ನಿ. ಕಾಟನ್. ಒಗೆದು ಒಗೆದು ಮೆತ್ತಗಾಗಿರಬೇಕು."

ಸಂಜೆ ಬಸ್ ಸ್ಟ್ಯಾಂಡಿನಿಂದ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಟೋಪಿಯ ವಿಷಯ ಹೇಳಲಿಲ್ಲ, ಸೀರೆ ಕೇಳಿದೆ. ಬೀರು ತೆಗೆದ ಸದ್ದು ಕೇಳಿಸಿತು.

"ಆರು ಕೊಡ್ತೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹಸಿರು ಚೌಕಳಿದು ನಿನ್ನ ಬಾಣಂತನದ್ದು. ಅದನ್ನೂ ಹಾಕಲಾ?"

ಬಸ್ಸು ಬಂತು. ಹಾಕಿ ಅಂದೆ.