ತಾಳ ಹಾಕುವ ಕೈಗಳ ಎದುರು

ಎಂಟು ವರ್ಷ ನಾನು ಪುಷ್ಯ ಬಹುಳ ಪಂಚಮಿಯಂದು ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗಾಯನಕ್ಕೆ ಕುಳಿತಿದ್ದೇನೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಆ ಐದೂ ಕೃತಿಗಳು ನನಗೆ ಕಂಠಪಾಠವೆಂದೇ ನಂಬಿದ್ದೆ. ಆದರೆ ಹತ್ತಾರು ಕಂಠಗಳ ನಡುವೆ ಸ್ವರ ಜಾರಿದರೆ ಪಕ್ಕದವರು ಎತ್ತಿ ಹಿಡಿಯುತ್ತಾರೆ. ಉಸಿರು ಸಾಲದಿದ್ದರೆ ಒಂದು ಸಂಗತಿಯನ್ನು (ಒಂದೇ ಸಾಲನ್ನು ಬದಲಿಸಿ ಹಾಡುವ ರೂಪವನ್ನು) ಬಿಟ್ಟು ಮುಂದಿನದಕ್ಕೆ ಸೇರಿಕೊಳ್ಳಬಹುದು. ನನ್ನ ಕಲಿಕೆಯ ನಿಜವಾದ ಅಳತೆ ಸಿಕ್ಕಿದ್ದು ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಗೆ ಗುರುಗಳು ನನ್ನನ್ನು ಒಬ್ಬಳನ್ನೇ ಹದಿನೈದು ನಿಮಿಷ ಹಾಡಲು ಕೂರಿಸಿದಾಗ.

ಮೊದಲು ಹಾಡಿದ್ದು ಮೋಹನ ರಾಗದ ಆದಿತಾಳ ವರ್ಣ, ಸಾಮಾನ್ಯವಾಗಿ ಕಚೇರಿಯ ಆರಂಭಕ್ಕೆ ಹಾಡುವ ರಚನೆ. ಗಾಬರಿಯಲ್ಲಿ ಕಾಲಪ್ರಮಾಣವನ್ನು, ಅಂದರೆ ಹಾಡಿನ ವೇಗವನ್ನು, ಏರಿಸಿಕೊಂಡೇ ಆರಂಭಿಸಿದ್ದರಿಂದ ಇಮ್ಮಡಿ ವೇಗದ ಎರಡನೆಯ ಕಾಲಕ್ಕೆ ಬರುವಷ್ಟರಲ್ಲಿ ಸ್ವರಗಳನ್ನು ಬಳುಕಿಸುವ ಗಮಕಗಳೆಲ್ಲ ಸವೆದು ಬರಿಯ ಸ್ವರಗಳು ಉಳಿದವು. ಮನೆಯಲ್ಲಿ ಶ್ರುತಿಪೆಟ್ಟಿಗೆಯ ಮುಂದೆ ಎಡವಿದಾಗಲೆಲ್ಲ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಹಾಡಿಕೊಳ್ಳುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹಾಗೆ ಮಾಡುತ್ತಿದ್ದೇನೆಂಬ ಅರಿವೇ ಇರಲಿಲ್ಲ. ಮೃದಂಗವಾದರೋ ಯಾರಿಗಾಗಿಯೂ ಹಿಂದಕ್ಕೆ ಬರುವುದಿಲ್ಲ.

ಆಮೇಲೆ ಹಂಸಧ್ವನಿಯ ಕೃತಿಗೆ ಕಲ್ಪನಾಸ್ವರ, ಅಂದರೆ ಸ್ಥಳದಲ್ಲಿಯೇ ಕಟ್ಟುವ ಸ್ವರಗಳನ್ನು, ಹಾಡುವಾಗ ಎಡುಪು (ತಾಳದಲ್ಲಿ ಸಾಲು ಆರಂಭವಾಗುವ ಜಾಗ) ತಪ್ಪಿತು. ಸ್ವರ ಹುಡುಕುವ ಭರದಲ್ಲಿ ನನ್ನ ಕೈ ತಾಳ ಹಾಕುವುದನ್ನೇ ನಿಲ್ಲಿಸಿಬಿಟ್ಟಿತ್ತು. ಎರಡನೆಯ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ತೊಡೆಯ ಮೇಲೆ ನಿಧಾನವಾಗಿ ತಾಳ ಹಾಕುತ್ತಿದ್ದುದು ಆಗ ಕಣ್ಣಿಗೆ ಬಿತ್ತು: ಒಂದು ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳು. ಅವರ ಕೈಯ ತಾಳವನ್ನು ಅನುಸರಿಸಿಯೇ ತಾಳದ ಉಳಿದ ಭಾಗವಾದ ದ್ರುತಗಳನ್ನು ದಾಟಿ ಪಲ್ಲವಿಗೆ ಮರಳಿದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, 1939ರಿಂದ ನಡೆದುಬಂದಿರುವ ರಾಮನವಮಿ ಕಚೇರಿಗಳಲ್ಲಿ, ನಾನೂ ಎಷ್ಟೋ ಸಂಜೆ ಹಾಗೆಯೇ ತಾಳ ಹಾಕುತ್ತ ಕುಳಿತಿದ್ದೇನೆ. ಆ ಕೈ ಹಾಡುವವರಿಗೂ ಕಾಣುತ್ತದೆಂದು ಎಂದೂ ಯೋಚಿಸಿರಲಿಲ್ಲ.

ಪಾಠ ಪಕ್ವವಾದ ಮೇಲೆಯೇ ವೇದಿಕೆ ಏರಬೇಕೆಂದು ಹೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಪೂರ್ತಿ ಒಪ್ಪಲಾರೆ. ಕಾಲಪ್ರಮಾಣವನ್ನು ಕಾಯ್ದುಕೊಳ್ಳುವುದು, ತಪ್ಪಿದ ಮೇಲೂ ನಿಲ್ಲದೆ ಸಾಗುವುದು, ಪಿಟೀಲಿನ ಮರುನುಡಿಗೆ ಕಿವಿಗೊಟ್ಟು ಮುಂದಿನ ಸ್ವರಗುಚ್ಛವನ್ನು ಕಟ್ಟುವುದು, ಇವು ಕೋಣೆಯೊಳಗೆ ಪಕ್ವವಾಗುವ ಸಂಗತಿಗಳಲ್ಲ.

ಕೇಳುವವರು ಸಂಗೀತ ಬಲ್ಲವರೇ ಆಗಬೇಕೆಂದೂ ಇಲ್ಲ. ಈಗ ದಿನಕ್ಕೊಂದು ರಚನೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲಿ ತಪ್ಪಿದರೂ ನಿಲ್ಲಿಸದೆ, ಅಮ್ಮನ ಎದುರು ಹಾಡುತ್ತೇನೆ. ರಾಗದ ಹೆಸರು ಅವರಿಗೆ ತಿಳಿಯದು. ಆದರೂ ಕಳೆದ ವಾರ ಒಂದು ದೇವರನಾಮ ಮುಗಿಸಿದಾಗ, "ಆ ಸಾಲಿನಲ್ಲಿ ಏನು ಹೇಳಿದೆ, ಮಾತು ತಿಳಿಯಲಿಲ್ಲ" ಎಂದರು. ಮತ್ತೆ ಹಾಡಿ ನೋಡಿದರೆ ಉಸಿರಿಗಾಗಿ ಒಂದು ಪದವನ್ನು ನಡುವೆಯೇ ಮುರಿದಿದ್ದೆ. ವರ್ಷಗಳಿಂದ ಹಾಗೆಯೇ ಹಾಡಿಕೊಂಡು ಬಂದಿದ್ದೆನೆಂದು ತೋರುತ್ತದೆ, ಏಕೆಂದರೆ ಪದವನ್ನು ಇಡಿಯಾಗಿ ಹಾಡಲು ಹೋದಾಗಲೆಲ್ಲ ಗಂಟಲು ಹಳೆಯ ಜಾಗದಲ್ಲಿಯೇ ನಿಲ್ಲುತ್ತದೆ. ಸಾಹಿತ್ಯದ ಪುಸ್ತಕದಲ್ಲಿ ಆ ಪದದ ಹಿಂದೆ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿಟ್ಟು, ಬರುವ ಆರಾಧನೆಗೆ ಅದನ್ನೇ ಹಾಡಲು ಗುರುಗಳ ಅನುಮತಿ ಕೇಳಿದ್ದೇನೆ.